ದೂರು ಬಾರದ ಓಣಿ

ಇಸ್ತ್ರಿ ಅಂಗಿಯನ್ನು ಬೆಳಿಗ್ಗೆಯೇ ಹಾಕಿಕೊಂಡು ಬಂದದ್ದು ತಪ್ಪಾಯಿತು ಎಂದು ಭೀಮರಾಜನಿಗೆ ಆಫೀಸಿನ ಮೆಟ್ಟಿಲು ಹತ್ತುವಾಗಲೇ ಅನ್ನಿಸಿತು. ಬೆನ್ನಿಗೆ ಆಗಲೇ ಬೆವರಿಳಿದು ಬಟ್ಟೆ ಅಂಟಿಕೊಂಡಿತ್ತು. ಹಿಂದಿನಿಂದ ಯಾರಾದರೂ ನೋಡಿದರೆ ಬನಿಯನ್ನಿನ ತೂತು ಕಂಡೀತೆಂದು ಗೋಡೆಯ ಪಕ್ಕಕ್ಕೆ ಸರಿದು ಹತ್ತಿದ. ಕೊಟ್ಟೂರಿನ ಬಸ್‌ಸ್ಟ್ಯಾಂಡಿಗೆ ಹತ್ತಿರದ ಆ ಕಟ್ಟಡದ ಮೇಲಂತಸ್ತಿನಲ್ಲಿ ಗಂಗಾಧರನ ಕೇಬಲ್ ಆಫೀಸು. ಕೇಬಲ್ ಟೀವಿಯ ಕಾಲ ಮುಗಿದ ಮೇಲೆ ಅದೇ ಕಂಬ, ಅದೇ ಬೋರ್ಡು ಇಟ್ಟುಕೊಂಡು ಗಂಗಾಧರ ಸುತ್ತಲಿನ ತಾಲ್ಲೂಕುಗಳಲ್ಲಿ ಮನೆಮನೆಗೆ ಇಂಟರ್‌ನೆಟ್ ಕೊಡುತ್ತಿದ್ದ. ಫೋನಿನ ಮುಂದೆ ಕೂತು ಗಿರಾಕಿಗಳ ಬೈಗುಳ ಕೇಳುವ ಕೆಲಸದ ಶಿವಲೀಲಾ ಅವನನ್ನು ಕಂಡದ್ದೇ, "ಏನ್ ಸರ್, ಮದಿಮಗ ಆಗಿಬಿಟ್ಟೀರಿ!" ಎಂದು ನಕ್ಕಳು. ಅವನೂ ನಕ್ಕ. ನಗದಿದ್ದರೆ ಸೊಕ್ಕು ಅಂದುಕೊಳ್ಳುತ್ತಾರೆ, ಹೆಚ್ಚು ನಕ್ಕರೆ ಸಲಿಗೆ ಅಂದುಕೊಳ್ಳುತ್ತಾರೆ. ಎಷ್ಟು ನಗಬೇಕೆಂಬ ಅಳತೆ ಇಷ್ಟು ವರ್ಷವಾದರೂ ಅವನ ಕೈಗೆ ಹತ್ತಿರಲಿಲ್ಲ. ಮಧ್ಯಾಹ್ನ ಹಗರಿಬೊಮ್ಮನಹಳ್ಳಿಯಲ್ಲಿ ಸಭೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ ಕಡೆಯ ಕೇಬಲ್‌ನವರು ಸೇರುತ್ತಾರೆ. ಇಂಟರ್‌ನೆಟ್ಟಿನ ಖರ್ಚನ್ನು ಅರ್ಧಕ್ಕೆ ಇಳಿಸಿದ ಭೀಮರಾಜನಿಗೆ ಅಲ್ಲಿ ಶಾಲು ಹೊದಿಸುತ್ತಾರೆ. ತನಗೆ ಸಂತೋಷವೇ ಆಗಿರಬೇಕು ಎಂದು ಅವನು ಎರಡು ಮೂರು ಸಲ ತನಗೆ ತಾನೇ ಹೇಳಿಕೊಂಡಿದ್ದ.

ಮೆಷಿನ್ ಕೋಣೆಗೆ ಹೋಗಿ ಕೂರುವಷ್ಟರಲ್ಲಿ ತಂಗಿಯ ಫೋನು ಬಂತು. ಹಿಂದೆ ಅವ್ವ ಏನೋ ಕೂಗುತ್ತಿದ್ದಳು. ಪಾರ್ಶ್ವವಾಯು ಹೊಡೆದು ಮಲಗಿದ ಮೇಲೆ ಅವಳಿಗೆ ಮಾತು ಸರಿಯಾಗಿ ಹೊರಳುತ್ತಿರಲಿಲ್ಲ, ಆದರೆ ದನಿ ಮಾತ್ರ ದೊಡ್ಡದಾಗಿತ್ತು.

"ಅಣ್ಣಾ, ಕೆಲಸದಾಗ ಇದ್ದೇನು?"

"ಇಲ್ಲ, ಹೇಳು."

"ಏನಿಲ್ಲ. ಇವತ್ತ ಮೂರಕ್ಕ ಐತಲ್ಲ ನಂದು, ಹುಬ್ಬಳ್ಳೇರದು. ಹೇಳಿದ್ನಲ್ಲ ನಿಂಗ."

ಹೇಳಿದ್ದಳು. ವಿಡಿಯೊ ಕಾಲಿನಲ್ಲಿ ನಡೆಯುವ ಇಂಟರ್‌ವ್ಯೂ; ಅವನು ಮರೆತಿದ್ದ. ಡಾಕ್ಟರುಗಳು ಮಾತಾಡಿ ಕಳಿಸಿದ್ದನ್ನು ಕೇಳಿ ಟೈಪು ಮಾಡಿ ಕೊಡುವ ಕೆಲಸ, ಮನೆಯಲ್ಲೇ ಕೂತು ಮಾಡುವಂಥದ್ದು. ತಂಗಿ ಯಶೋಧರಾಗೆ ಬೇರೆ ಯಾವ ಕೆಲಸವೂ ಮಾಡಲು ಆಗುತ್ತಿರಲಿಲ್ಲ. ಬಿ.ಎಸ್ಸಿ. ಮುಗಿಸಿ ದಾವಣಗೆರೆಯ ಲ್ಯಾಬೊಂದರಲ್ಲಿದ್ದವಳು ಅವ್ವ ಬಿದ್ದ ದಿನ ಊರಿಗೆ ಬಂದವಳು ಮತ್ತೆ ಹೋಗಲಿಲ್ಲ. ಬರಬೇಕಾದವನು ನೀನಲ್ಲವೇ ಎಂದು ಯಾರೂ ಭೀಮರಾಜನನ್ನು ಕೇಳಲಿಲ್ಲ. ಗಂಡಸು, ನೌಕರಿಯವನು, ಅವನು ಹೇಗೆ ಬಂದಾನು ಎಂದು ಎಲ್ಲರೂ ತಾವೇ ತೀರ್ಮಾನಿಸಿಕೊಂಡಿದ್ದರು. ಅವನೂ ಆ ತೀರ್ಮಾನದ ಹಿಂದೆ ಮೆಲ್ಲಗೆ ಸರಿದು ನಿಂತುಕೊಂಡಿದ್ದ.

"ಮೊದಲ ಲೈನ್ ನೋಡ್ತಾರಂತ ಅಣ್ಣಾ. ನಡುವ ನಿಂತ್ರ ಮುಂದ ಮಾತಾಡಂಗೇ ಇಲ್ಲಂತ. ಹೋದ ಸಲ ಹಂಗ ಆತು ನೋಡು."

"ಹೋದ ಸಲ? ಯಾವಾಗ?"

"ಹೋದ ತಿಂಗಳ ಒಂದು ಕರದಿದ್ರು, ಬ್ಯಾರೇದವ್ರು. ನಿಂಗ ಹೇಳಲಿಲ್ಲ. ನಾ ಇಲ್ಲಿ ಮಾತಾಡಾಕತ್ತೀನಿ, ಆ ಕಡಿ ಅವ್ರು ಬಾಯಿ ತಗದಂಗ ನಿಂತುಬಿಟ್ರು. ಆಮ್ಯಾಗ ಫೋನ್ ಎತ್ತಲಿಲ್ಲ. ನಮ್ಮ ಮನೀ ನೆಟ್ ಡಬ್ಬಿ ಕೆಟ್ಟೈತಿ ಅಂದ್ಕಂಡು ಹೊಸಾದು ತಂದು ಹಾಕಿಸೀನಿ."

"ನಂಗ್ಯಾಕ ಹೇಳಲಿಲ್ಲ? ಕಂಪ್ಲೇಂಟರ ಮಾಡಬೇಕಿಲ್ಲ?"

"ನಿಂಗ್ಯಾಕ ತೊಂದ್ರಿ ಬಿಡು. ತಂಗಿ ಮನೀದ ಕಂಪ್ಲೇಂಟ್ ಅಂತ ನಿಮ್ಮ ಸಾಹುಕಾರ ಏನರ ಅಂದಾನು." ಮತ್ತೆ ಅವಳೇ ಕೇಳಿದಳು: "ಇವತ್ತರ ಲೈನ್ ಸರಿ ಇರತೈತೇನಣ್ಣಾ? ಬಾಜೂ ಮನಿ ಬಸಲಿಂಗಮ್ಮಕ್ಕ ಅವ್ವನ ಹತ್ರ ಕೂರ್ತೀನಿ ಅಂದಾಳ. ಉಳಿದದ್ದೆಲ್ಲ ಹೊಂದಿಸ್ಕಂಡೀನಿ."

"ಇರತೈತಿ," ಎಂದ ಭೀಮರಾಜ. ಫೋನಿಟ್ಟು ಪರದೆಯ ಕಡೆ ತಿರುಗಿದ.

ಲೈನು ಯಾಕೆ ನಿಲ್ಲುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಲು ಸಾಧ್ಯ? ನಿಲ್ಲುವ ಹಾಗೆ ಮಾಡಿದವನೇ ಅವನು. ಗಂಗಾಧರ ದೊಡ್ಡ ಕಂಪನಿಗಳಿಂದ ಎರಡು ಲೈನು ಸಗಟಾಗಿ ಕೊಳ್ಳುತ್ತಿದ್ದ. ಒಂದು ದಾವಣಗೆರೆ ಕಡೆಯಿಂದ ನೆಟ್ಟಗೆ ಬರುವುದು. ಚೊಕ್ಕವಾದದ್ದು, ರೇಟು ಕೇಳಿದರೆ ಮಾತ್ರ ತಲೆ ತಿರುಗುವಂಥದ್ದು. ಇನ್ನೊಂದು ಅಗ್ಗದ್ದು. ಅದು ಬಳ್ಳಾರಿ ದಾಟಿ, ಗುಂತಕಲ್ಲು, ಹೈದರಾಬಾದು ನೋಡಿಕೊಂಡು, ಯಾರ್ಯಾರದೋ ಮೆಷಿನ್ನುಗಳ ಬಾಗಿಲಲ್ಲಿ ಕಾದು ನಿಂತು ಬೆಂಗಳೂರು ಸೇರುತ್ತಿತ್ತು. ಆಫೀಸಿನಲ್ಲಿ ಅದಕ್ಕೆ ಸುತ್ತು ಲೈನು ಅನ್ನುತ್ತಿದ್ದರು. ಅವನು ಬರುವ ಮೊದಲು ಯಾರಿಗೆ ಯಾವುದು ಎಂಬ ಲೆಕ್ಕವೇ ಇರಲಿಲ್ಲ, ಎರಡನ್ನೂ ಕಲಸಿ ಬಡಿಸುತ್ತಿದ್ದರು. ಭೀಮರಾಜ ಬಂದು ಬೇರೆ ಮಾಡಿದ. ಬ್ಯಾಂಕು, ಆಸ್ಪತ್ರೆ, ವಿಡಿಯೊ ಕಾಲು, ಇಂಥ ಅವಸರದ್ದೆಲ್ಲ ನೆಟ್ಟಗಿನ ದಾರಿಗೆ. ಫೋನುಗಳು ತಮ್ಮಷ್ಟಕ್ಕೆ ಮಾಡಿಕೊಳ್ಳುವ ಅಪ್‌ಡೇಟು, ಸಿನಿಮಾ ಡೌನ್‌ಲೋಡು ಸುತ್ತು ದಾರಿಗೆ. ಊರೆಲ್ಲ ನೋಡುವ ವಿಡಿಯೊಗಳನ್ನು ಆಫೀಸಿನದೇ ಒಂದು ಡಬ್ಬಿಯಲ್ಲಿ ತುಂಬಿಸಿಟ್ಟು ಅಲ್ಲಿಂದಲೇ ಹಂಚಿದ. ಆ ದಿನಗಳಲ್ಲಿ ಅವನಿಗೆ ಊಟ ತಿಂಡಿ ಬೇಕಿರಲಿಲ್ಲ. ನೆಟ್ಟಗಿನ ಲೈನಿನ ಬಳಕೆ ತೋರಿಸುವ ಪರದೆಯ ಮೇಲಿನ ಗೆರೆ ದಿನದಿನಕ್ಕೆ ಕೆಳಗಿಳಿಯುವುದನ್ನು ನೋಡುತ್ತ, ಜಗತ್ತಿನ ಮಾತೆಲ್ಲ ತಾನು ತೋರಿಸಿದ ಕಡೆಗೆ ಹರಿಯುತ್ತಿದೆಯಲ್ಲ ಎಂದು ಬೆರಗಾಗಿ, ಕೂತಲ್ಲೇ ನಗುತ್ತಿದ್ದ. ಯಾರಿಗೂ ಅನ್ಯಾಯವಾಗದ ಜಾಣತನ ಅದು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು.

ಗೆರೆ ಇಳಿದಷ್ಟೂ ಗಂಗಾಧರನಿಗೆ ಇನ್ನಷ್ಟು ಇಳಿಯಬಹುದು ಅನ್ನಿಸತೊಡಗಿತು. "ಇನ್ನಾ ಎಲ್ಲಿ ಹಿಂಡಬೌದು ನೋಡ್ರೀ ಭೀಮರಾಜ್," ಎಂದು ಹೆಗಲ ಮೇಲೆ ಕೈಹಾಕಿದ್ದ. ಹೆಗಲ ಮೇಲೆ ಕೈ. ಅದು ಅಲ್ಲಿದ್ದಷ್ಟು ಹೊತ್ತೂ ಭೀಮರಾಜ ಉಸಿರು ಬಿಗಿಹಿಡಿದು ಕೂತಿದ್ದ, ಎಲ್ಲಿ ಅಲುಗಾಡಿದರೆ ತೆಗೆದುಬಿಡುತ್ತಾನೋ ಎಂಬಂತೆ. ಆಗ ಅವನ ತಲೆಗೆ ಹೊಳೆದದ್ದು ಬಹಳ ಸರಳವಾದ ವಿಚಾರ. ಲೈನು ನಿಧಾನವಾದರೆ ಪೇಟೆ ಓಣಿಯವರು ಮರುಗಳಿಗೆಯಲ್ಲೇ ಫೋನು ಮಾಡಿ ಶಿವಲೀಲಾಳ ಕಿವಿ ಕಿತ್ತುಹಾಕುತ್ತಾರೆ. ಬಡಾವಣೆಯ ಮೇಷ್ಟ್ರುಗಳು ಖುದ್ದಾಗಿ ಬಂದು ಮೆಟ್ಟಿಲ ಮೇಲೆ ನಿಂತು ಕೂಗಾಡುತ್ತಾರೆ. ಇನ್ನು ಕೆಲವು ಓಣಿಗಳಿಂದ ಏನೇ ಆದರೂ ಫೋನು ಬರುವುದಿಲ್ಲ. ದಿನವಿಡೀ ಸತ್ತಿದ್ದರೂ ಬರುವುದಿಲ್ಲ. ಅಂಥ ಓಣಿಗಳನ್ನೆಲ್ಲ ಒಂದು ಗುಂಪು ಮಾಡಿ, ಅಲ್ಲಿ ಅವಸರದ್ದು ಯಾವುದು ಅಲ್ಲದ್ದು ಯಾವುದು ಎಂದು ನೋಡದೆ, ಓಣಿಗೆ ಓಣಿಯನ್ನೇ ಸುತ್ತು ಲೈನಿಗೆ ಹಾಕಿದ. ಗುಂಪಿನಲ್ಲಿ ಯಾರ್ಯಾರು ಬಂದರೆಂದು ಅವನು ಹೆಸರು ಹಿಡಿದು ನೋಡಲಿಲ್ಲ. ನೋಡದೆಯೇ ಗೊತ್ತಿತ್ತು. ಊರ ಹೊರಗಿನ ಕಾಲೋನಿಗಳು, ತಾಂಡಾಗಳು, ಗಾರೆ ಕೆಲಸದವರ ಸಾಲುಮನೆಗಳು. ಚಿಗಟೇರಿ ಹಾದಿಯಾಚೆಗಿನ ತಮ್ಮೂರಿನ ಕಾಲೋನಿಯೂ ಇತ್ತು. ಅದರ ಮೇಲೆ ಬೆರಳು ಒಂದು ಗಳಿಗೆ ತಡೆದದ್ದು ನಿಜ. ಆದರೆ ತಾನೇ ಮಾಡಿದ ನಿಯಮ, ತನ್ನವರಿಗೆಂದು ಬಿಟ್ಟರೆ ಆಡಿಕೊಳ್ಳುತ್ತಾರೆ ಎಂದು ಒತ್ತಿಬಿಟ್ಟ. ತಂಗಿ ಸಂಜೆ ಧಾರಾವಾಹಿ ನೋಡುತ್ತಾಳೆ, ಸ್ವಲ್ಪ ನಿಂತು ನಿಂತು ಬಂದರೆ ಏನು ಮುಳುಗಿಹೋಗುತ್ತದೆ ಎಂದೂ ಅಂದುಕೊಂಡ. "ನಿಧಾನ ಆಗಂಗಿಲ್ಲೇನು?" ಎಂದು ಗಂಗಾಧರ ಕೇಳಿದಾಗ ಅವನ ಬಾಯಿಂದ ಬಂದ ಮಾತು, "ಸುತ್ತಿ ಹೋದ್ರೇನಾತ್ರಿ, ಮುಟ್ಟೂದು ಮುಟ್ಟತೈತಿ."

ಆ ಮಾತು ಅವನದಲ್ಲ, ಅಪ್ಪನದು. ಅಪ್ಪ ಮಾರಣ್ಣ ಊರಿನ ತೋಟಿ. ಶಾನುಭೋಗರ ಮನೆಯಿಂದ ಕಾಗದ ತೆಗೆದುಕೊಂಡು ಹರಪನಹಳ್ಳಿಗೆ ಮುಟ್ಟಿಸಬೇಕು. ಗುಡಿ ಮುಂದಿನ ಓಣಿ ಹಿಡಿದರೆ ರಸ್ತೆ ಕೂಗಳತೆಯಲ್ಲೇ. ಆದರೆ ಅಪ್ಪ ಆ ಓಣಿ ಹಿಡಿಯುವಂತಿರಲಿಲ್ಲ. ಕೆರೆ ಏರಿಯ ಮೇಲೆ ಹತ್ತಿ, ಜಾಲಿಯೊಳಗೆ ಇಳಿದು, ಹೊಲದ ಬದುವಿನ ಮೇಲೆ ಸುತ್ತಿಕೊಂಡು ಹೋಗುತ್ತಿದ್ದ. ಜೊತೆಗೆ ಹೋಗುತ್ತಿದ್ದ ಹುಡುಗ ಭೀಮರಾಜನಿಗೆ ಕಾಲಿಗೆ ಮುಳ್ಳು ನೆಟ್ಟಾಗಲೆಲ್ಲ ಅಪ್ಪ ಅದೇ ಮಾತು ಹೇಳಿ ಮುಳ್ಳು ತೆಗೆಯುತ್ತಿದ್ದ. ಒಂದು ದಿನ ಅಪ್ಪನಿಗೆ ಬುತ್ತಿ ಒಯ್ಯುವಾಗ ಹಸಿವಾಗಿತ್ತು, ಬಿಸಿಲಿತ್ತು, ಓಣಿ ಖಾಲಿಯಿತ್ತು, ನೆಟ್ಟಗೇ ಹೋಗಿಬಿಟ್ಟ. ಕಟ್ಟೆಯ ಮೇಲೆ ಕೂತಿದ್ದ ಮುದುಕನೊಬ್ಬ ಬೈಯಲಿಲ್ಲ, ಹೊಡೆಯಲಿಲ್ಲ, "ಯಾರ ಮಗಲೇ ನೀನು?" ಎಂದು ಬರೀ ಕೇಳಿದ. ಸಂಜೆ ಅಪ್ಪ ಹುಣಸೆ ಬರಲಿನಿಂದ ಬಾಸುಂಡೆ ಬರುವ ಹಾಗೆ ಬಾರಿಸಿದ. "ಸುತ್ತಿ ಬರಾಕ ಕಾಲು ನೋಯ್ತಿತ್ತೇನು?" ಎಂದು ಹೊಡೆಯುತ್ತ ಹೊಡೆಯುತ್ತ ತಾನೇ ಅತ್ತ. ಕೊನೆಗಾಲದಲ್ಲಿ ಅಪ್ಪ ಬುದ್ಧನ ಫೋಟೊ ತಂದು ಗೋಡೆಗೆ ಹಾಕಿದ, ಕಟ್ಟೆಗಳ ಮುಂದೆ ತಲೆಯೆತ್ತಿ ನಡೆದ, ಗುಡಿ ಓಣಿಯಲ್ಲೇ ಓಡಾಡಿದ. ಅವನ ಹೆಣವೂ ಆ ಓಣಿಯಲ್ಲೇ ಹೋಯಿತು. ಭೀಮರಾಜನಿಗೆ ಮಾತ್ರ ಈಗಲೂ ಊರಿಗೆ ಹೋದರೆ ಗಾಡಿ ತಾನಾಗಿ ಕೆರೆ ಏರಿಯ ಕಡೆಗೇ ತಿರುಗುತ್ತದೆ.

ಪರದೆಯ ಮೇಲೆ ಗುಂಪು ತೆರೆದಿತ್ತು. ಕಾಲೋನಿಯನ್ನು ಅದರಿಂದ ಬಿಡಿಸಿ ನೆಟ್ಟಗಿನ ದಾರಿಗೆ ಹಾಕುವುದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಮೂರು ಗಂಟೆಗೆ ಸುತ್ತು ಲೈನು ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು: ಸುತ್ತಲಿನ ತಾಲ್ಲೂಕುಗಳ ಭಾರವನ್ನೆಲ್ಲ ಅವನೇ ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ಹೇರಿದ್ದ, ತುಂಬಿ ತುಳುಕುತ್ತಿರುತ್ತದೆ. ಬಿಡಿಸಲು ಶುರುಮಾಡಿದ. ಅರ್ಧಕ್ಕೆ ಕೈ ನಿಂತಿತು. ಸಭೆಯಲ್ಲಿ ನೆಟ್ಟಗಿನ ಲೈನಿನ ಗೆರೆಯನ್ನು ಎಲ್ಲರ ಮುಂದೆ, ಓಡುತ್ತಿರುವಂತೆಯೇ ತೋರಿಸಬೇಕಿತ್ತು. ಕಾಲೋನಿ ಸೇರಿದರೆ ಗೆರೆ ಒಂದಿಷ್ಟು ಏರುತ್ತದೆ. ಬೇರೆ ಯಾರೂ ಗಮನಿಸಲಿಕ್ಕಿಲ್ಲ, ಆದರೆ ಗಂಗಾಧರ ದಿನಾ ಆ ಗೆರೆಯ ಮುಖ ನೋಡಿಯೇ ಉಪ್ಪಿಟ್ಟು ತಿನ್ನುವವನು. ಇದ್ಯಾಕ ಏರೈತಿ ಅನ್ನುತ್ತಾನೆ. ಯಾವ ಕಾಲೋನಿ ಅನ್ನುತ್ತಾನೆ. ಓಹೋ, ನಿಮ್ಮದಾ, ಅನ್ನುತ್ತಾನೆ. ಆ "ಓಹೋ" ಭೀಮರಾಜನ ಕಿವಿಯಲ್ಲಿ ಆಗಲೇ ಕೇಳಿಸಿತು, ಕಿವಿ ಬಿಸಿಯಾಯಿತು. ಕೆಳಗೆ ಗಂಗಾಧರನ ಕಾರು ಹಾರ್ನ್ ಹೊಡೆಯಿತು. ಮಾಡಿದ್ದನ್ನು ಅಳಿಸಿ, ತಂಗಿಯ ಮನೆಯೊಂದನ್ನು ಮಾತ್ರ ತೆಗೆದು ನೆಟ್ಟಗಿನ ದಾರಿಗೆ ಹಾಕಿದ. ಒಂದೇ ಸಾಲು. ಒಂದು ಮನೆ ಸೇರಿದರೆ ಗೆರೆಗೆ ಗೊತ್ತೂ ಆಗುವುದಿಲ್ಲ. ಮಿಕ್ಕವರಿಗೆ ಇವತ್ತು ಅಂಥ ಅವಸರವೇನಿದೆ ಎಂದು ಸಮಾಧಾನ ಮಾಡಿಕೊಂಡ. ಮೆಟ್ಟಿಲಿಳಿಯುವಾಗ, ನಿನ್ನ ಮನೆಯ ಲೈನು ಸರಿಮಾಡಿದ್ದೇನೆ ಎಂದು ಯಶೋಧರಾಗೆ ಒಂದು ಮಾತು ಹೇಳಬೇಕು ಅನ್ನಿಸಿ ಫೋನು ಕೈಗೆ ತೆಗೆದುಕೊಂಡ. ಹಾಗಾದರೆ ಇಲ್ಲಿತನಕ ಏನಾಗಿತ್ತಣ್ಣಾ ಎಂದು ಅವಳು ಕೇಳಿದರೆ? ಫೋನು ಜೇಬಿಗೆ ಹಾಕಿದ.

ಕಾರಿನಲ್ಲಿ ಗಂಗಾಧರ ಭಾರೀ ಹುರುಪಿನಲ್ಲಿದ್ದ. ಮುಂದಿನ ಸೀಟಿನಲ್ಲಿ ಭೀಮರಾಜನನ್ನೇ ಕೂರಿಸಿಕೊಂಡಿದ್ದ. "ನಿಮ್ಮ ಭಾಷಣ ಬಾಯಿಪಾಠ ಮಾಡೀರಿಲ್ಲ? ಹಡಗಲಿ ಪಕ್ಕೀರಪ್ಪ ಬರ್ತಾನ. ಅವನು ಭಾಳ ಕೊಕ್ಕಿ ಹಾಕಾಂವ. ಏನರ ಕೇಳೇ ಕೇಳ್ತಾನ." ಭೀಮರಾಜ ಹೂಂಗುಟ್ಟಿದ. ರಸ್ತೆಯ ಎರಡೂ ಕಡೆ ಕಟಾವಾದ ಮೆಕ್ಕೆಜೋಳದ ದಂಟು ಒಣಗಿ ನಿಂತಿತ್ತು. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ತಮ್ಮದೇ ಕಪ್ಪು ತಂತಿ ಜೋತುಬಿದ್ದು ಕಾರಿನ ಜೊತೆ ಬರುತ್ತಿತ್ತು. ಅದರೊಳಗೆ ಈಗ ಯಾರದು ಹೋಗುತ್ತಿರಬಹುದು ಎಂದು ಯೋಚಿಸಿದ. ಯಾರೋ ಹಾಡು ಕೇಳುತ್ತಿರಬಹುದು, ಯಾರೋ ಮಗಳ ಮುಖ ನೋಡುತ್ತಿರಬಹುದು, ನಡುವೆ ನಿಂತರೆ ತಮ್ಮ ಡಬ್ಬಿಯೇ ಕೆಟ್ಟಿದೆ ಎಂದುಕೊಳ್ಳುತ್ತಿರಬಹುದು. ಅವನಿಗೆ ಸಿಟ್ಟು ಬಂತು. ಒಂದು ಫೋನು ಮಾಡಲಿಕ್ಕೆ ಇವರಿಗೇನು ರೋಗ? ದುಡ್ಡು ಕಟ್ಟುವುದಿಲ್ಲವೇ? ಬಾಯಿಗೆ ಬೀಗ ಹಾಕಿಕೊಂಡು ಕೂತರೆ ಯಾರು ಏನು ಮಾಡಲಾದೀತು? ಆ ಸಿಟ್ಟಿನಲ್ಲಿ ಒಂದು ಥರದ ಹಿತವಿತ್ತು. ತಂತಿ ಕಣ್ಣಿನಿಂದ ಮರೆಯಾಗುವ ತನಕ ಅದನ್ನೇ ಮೆಲುಕು ಹಾಕುತ್ತ ಕೂತ.

ಸಭೆ ನಡೆದದ್ದು ಮದುವೆ ಮಂಟಪದ ಊಟದ ಹಾಲಿನಲ್ಲಿ. ಗೋಡೆಗೆ ಬಿಳಿ ಬಟ್ಟೆ ಕಟ್ಟಿದ್ದರು. ಊಟವಾಗಿ ಎಲ್ಲರೂ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುರ್ಚಿಗಳಲ್ಲಿ ಜಾರಿ ಕೂತಿದ್ದರು. ಗಂಗಾಧರ ಮೈಕು ಹಿಡಿದು, "ಇವ್ರು ನಮ್ಮ ಹುಡುಗ್ರು ಭೀಮರಾಜ್. ಇವರ ಮಂದ್ಯಾಗ ಇಂಥಾ ತಲಿ ಇರತೈತಿ ಅಂತ ನಾನಂತೂ ಅಂದ್ಕಂಡಿದ್ದಿಲ್ಲ ನೋಡ್ರಿ," ಎಂದ. ನಿಜವಾದ ಅಕ್ಕರೆಯಿಂದಲೇ ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಭೀಮರಾಜ ಕೈ ಮುಗಿದ. ಮುಗಿದ ಕೈಯನ್ನು ಯಾವಾಗ ಇಳಿಸಬೇಕೆಂದು ತಿಳಿಯದೆ ಸ್ವಲ್ಪ ಹೆಚ್ಚೇ ಹೊತ್ತು ಹಾಗೆಯೇ ನಿಂತಿದ್ದ.

ಅವನು ಮಾತು ಶುರುಮಾಡಿದಾಗ ಮೂರಾಗುತ್ತ ಬಂದಿತ್ತು. ಎರಡು ಲೈನು, ಯಾವುದಕ್ಕೆ ಅವಸರ, ಯಾವುದಕ್ಕಿಲ್ಲ, ಡಬ್ಬಿಯಲ್ಲಿ ತುಂಬಿಸಿಟ್ಟ ವಿಡಿಯೊಗಳು. ಮಾತು ತನ್ನಷ್ಟಕ್ಕೆ ಸಾಗುತ್ತಿತ್ತು. ಬಿಳಿ ಬಟ್ಟೆಯ ಮೇಲೆ ನೆಟ್ಟಗಿನ ಲೈನಿನ ಗೆರೆ ಮಲಗಿದ ಬೆಕ್ಕಿನ ಹಾಗೆ ತಣ್ಣಗಿತ್ತು, ನೋಡಿದವರು ತಲೆದೂಗಿದರು. ಯಾವಾಗಲೂ ನೆಟ್ಟಗಿನ ದಾರಿಯಲ್ಲೇ ಇರಬೇಕಾದವರ ಪುಟ ತೋರಿಸಿದ: ಬ್ಯಾಂಕು, ಆಸ್ಪತ್ರೆ, ತಾಲ್ಲೂಕು ಕಚೇರಿ, ಗಂಗಾಧರನ ಮನೆ, ಗಂಗಾಧರನ ಬೀಗರ ಮನೆ. ಕೊನೆಯಲ್ಲಿ ಬರೀ ನಂಬರಿದ್ದ ಒಂದು ಸಾಲು. ಅದು ಯಾರ ಕಣ್ಣಿಗೂ ಬೀಳದಿರಲಿ ಎಂದು ಬೇಗ ಪುಟ ತಿರುಗಿಸಿದ. ತನ್ನ ಲ್ಯಾಪ್‌ಟಾಪಿನ ಮೂಲೆಯಲ್ಲಿ, ಬಟ್ಟೆಯ ಮೇಲೆ ಯಾರೂ ಗುರುತಿಸದಂತೆ, ಆ ಮನೆಯ ಗೆರೆಯನ್ನು ಸಣ್ಣದಾಗಿ ತೆರೆದಿಟ್ಟುಕೊಂಡಿದ್ದ. ಮೂರು ಹೊಡೆಯಿತು. ಈಗ ಏರಬೇಕು. ವಿಡಿಯೊ ಕಾಲು ಶುರುವಾದರೆ ಗೆರೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಎದ್ದು ನಿಲ್ಲಲಿಲ್ಲ. ಕಂಪನಿಯವರು ತಡಮಾಡಿರಬೇಕು ಎಂದುಕೊಂಡು ಮುಂದಿನ ಮಾತು ಹೇಳಿದ. ಮತ್ತೆ ನೋಡಿದ. ಗೆರೆ ನೆಲದ ಮೇಲೆಯೇ ಇತ್ತು, ಮನೆಯಲ್ಲಿ ಯಾರೂ ಇಲ್ಲವೇ ಇಲ್ಲ ಎಂಬಂತೆ. ಕರೆಂಟು ಹೋಗಿದೆಯೇ? ಡಬ್ಬಿ ಆನ್ ಇದೆ ಎಂದು ತೋರಿಸುತ್ತಿದೆ. ಹಾಗಾದರೆ ಅವಳೆಲ್ಲಿ? ಏನೋ ಹೇಳುತ್ತಿದ್ದವನಿಗೆ ವಾಕ್ಯದ ಕೊನೆ ಮರೆತುಹೋಯಿತು.

"ಎಲ್ಲಾ ಸರಿ ಸರ್," ಎಂದು ಎದ್ದವನು ಹಡಗಲಿಯ ಪಕ್ಕೀರಪ್ಪ. ಬಾಯಿಯ ಎಲೆ ಅಡಿಕೆಯನ್ನು ಒಂದು ಕಡೆಯ ಕೆನ್ನೆಗೆ ಸರಿಸಿಕೊಂಡು ಕೇಳಿದ: "ಇಷ್ಟು ಮಂದೀನ ಸುತ್ತು ಲೈನಿಗೆ ಹಾಕೀರಿ. ಕಂಪ್ಲೇಂಟ್ ಬರಂಗಿಲ್ಲೇನ್ರಿ? ನಮ್ಮ ಕಡಿ ಆಗಿದ್ರ ಮನೀಗೇ ಬಂದು ಕಾಲರ್ ಹಿಡೀತಿದ್ರು."

ಗೆರೆ ಇನ್ನೂ ಏಳಲಿಲ್ಲ. ಹೊರಗೆ ಹೋಗಿ ಒಂದು ಫೋನು ಮಾಡಿ ಬರುತ್ತೇನೆ ಅನ್ನಬಹುದಿತ್ತು. ಇಡೀ ಕಾಲೋನಿಯನ್ನು ಅಲ್ಲಿಯೇ, ಆ ಲ್ಯಾಪ್‌ಟಾಪಿನಿಂದಲೇ ಬಿಡಿಸಬಹುದಿತ್ತು. ಆದರೆ ಅದರ ಪರದೆ ಗೋಡೆಯ ಮೇಲೆ ಮೂಡಿ ಎಲ್ಲರಿಗೂ ಕಾಣುತ್ತಿತ್ತು, ಗಂಗಾಧರ ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. "ಬರಂಗಿಲ್ರಿ," ಎಂದ ಭೀಮರಾಜ. ದನಿ ಅವನದೇ ಅನ್ನಿಸಲಿಲ್ಲ. "ಬರಲಾರದ ಕಡೀನ ನೋಡಿ ಹಾಕೀವ್ರಿ."

ಇಡೀ ಹಾಲು ಹೋ ಎಂದು ನಕ್ಕಿತು. ಪಕ್ಕೀರಪ್ಪ ತೊಡೆ ತಟ್ಟಿಕೊಂಡು, "ಅಬ್ಬಬ್ಬ! ಗಂಗಣ್ಣಾ, ಎಲ್ಲಿ ಹಿಡದ್ಯೋ ಇವ್ರನ್ನ?" ಎಂದ. ಭೀಮರಾಜನೂ ನಕ್ಕ. ಈ ಸಲ ಅಳತೆ ಸರಿಯಾಗಿತ್ತು, ಎಲ್ಲರಷ್ಟೇ ನಕ್ಕ. ಕೆಂಪು ಶಾಲು ಬಂತು, ಹಡಗಲಿ ಮಲ್ಲಿಗೆಯ ಹಾರ ಬಂತು. ಪಕ್ಕೀರಪ್ಪನೇ ಹೊದಿಸಿದ. ಫೋಟೊದವನು ಸರಿ ಬರಲಿಲ್ಲ ಎಂದು ಶಾಲನ್ನು ತೆಗೆಸಿ ಮತ್ತೊಮ್ಮೆ ಹೊದಿಸಿದ. ಎರಡನೆಯ ಸಲ ಹೊದಿಸುವಾಗ ಜೇಬಿನಲ್ಲಿ ಫೋನು ನಡುಗಿತು. ಎತ್ತುವಂತಿರಲಿಲ್ಲ. ಎದೆಗೆ ಆತು ನಡುಗುತ್ತಲೇ ಇದ್ದು ಸುಮ್ಮನಾಯಿತು.

ಕೈ ತೊಳೆಯುವ ನಲ್ಲಿಗಳ ಹತ್ತಿರ ಹೋಗಿ ತಾನೇ ಮಾಡಿದ.

"ಆತೇನು ಅಣ್ಣಾ ನಿಂದು? ಶಾಲು ಹಾಕಿದ್ರೇನು?" ಯಶೋಧರಾಳ ದನಿ ಎಂದಿನ ಹಾಗೆಯೇ ಇತ್ತು.

"ಅದಿರ್ಲಿ. ನಿಂದೇನಾತು?"

"ಆಗ್ಲಿಲ್ಲ ಬಿಡು."

"ಯಾಕ? ಲೈನ್ ಸರಿ ಇತ್ತಲ್ಲ! ನಾನ ನೋಡೀನಿ. ನೀನು ಕೂತs ಇದ್ದಿಲ್ಲ ಮನ್ಯಾಗ!"

ಅವಳು ಗಲಿಬಿಲಿಗೊಂಡಳು. "ಮನ್ಯಾಗ ಅಲ್ಲಣ್ಣಾ, ಬಸಲಿಂಗಮ್ಮಕ್ಕನ ಮನ್ಯಾಗ ಕೂತಿದ್ದೆ. ನಮ್ಮ ಮನ್ಯಾಗ ಅವ್ವ ಕೂಗ್ತಾಳಲ್ಲ, ಅದಕ ಆಕಿ ಬಂದು ಅವ್ವನ ಹತ್ರ ಕೂತಳು, ನಾ ಅಲ್ಲಿಗೆ ಹೋದೆ. ಆಕೀ ಮನಿ ಗ್ವಾಡಿಗೆ ಹೊಸಾ ಬಣ್ಣ ಹೊಡಿಸ್ಯಾರ, ಹಿಂದ ಚಂದ ಕಾಣತೈತಿ ಅಂತ. ನಮ್ಮ ಮನಿ ಲೈನ್ ಹೆಂಗೂ ನಿಲ್ತಿತ್ತಲ್ಲ, ಆಕೀದರ ಸರಿ ಇರಬೌದು ಅಂದ್ಕಂಡೆ. ಅದೂ ಹಂಗ ಆತು. ಹೆಸರು ಹೇಳೂದರಾಗs ನಿಂತುಬಿಡ್ತು. ಎರಡು ಸಲ ಹಚ್ಚಿದ್ರು ಪಾಪ. ಆಮ್ಯಾಗ ನಿಮ್ಮ ಕಡಿ ಲೈನ್ ಇಲ್ಲ, ಈ ಕೆಲಸ ನಿಮಗ ಆಗಂಗಿಲ್ಲ ಅಂತ ಬರದು ಕಳಿಸ್ಯಾರ."

ನಲ್ಲಿಯೊಂದು ತೊಟ್ಟಿಕ್ಕುತ್ತಿತ್ತು. ಭೀಮರಾಜ ಅದನ್ನು ಬಿಗಿಮಾಡಲು ನೋಡಿದ, ಆಗಲಿಲ್ಲ. ಎರಡೂ ಮನೆಗಳ ನಡುವೆ ಒಂದೇ ಗೋಡೆ. ಅವನು ಒಂದು ಮಾತು ಹೇಳಿದ್ದರೆ ಅವಳು ಗೋಡೆಯ ಈಚೆಗೇ ಕೂರುತ್ತಿದ್ದಳು. ಅವನು ಟೀ ಕುಡಿಯುವಷ್ಟು ಹೊತ್ತು ಧೈರ್ಯ ಮಾಡಿದ್ದರೆ ಆಚೆಗೆ ಕೂತರೂ ನಡೆಯುತ್ತಿತ್ತು. ಎರಡರಲ್ಲಿ ಯಾವುದನ್ನು ಹೇಳಬೇಕು, ಯಾವುದನ್ನೂ ಹೇಳದೆ ಹೇಗಿರಬೇಕು ಎಂದು ತಿಳಿಯದೆ, "ಕಂಪ್ಲೇಂಟ್ ಮಾಡು," ಎಂದ. "ಈಗs ಆಫೀಸಿಗೆ ಫೋನ್ ಹಚ್ಚು. ನೀನೂ ಹಚ್ಚು, ಬಸಲಿಂಗಮ್ಮಕ್ಕನ ಕೈಲೂ ಹಚ್ಚಿಸು. ಓಣ್ಯಾಗ ಎಲ್ರೂ ಹಚ್ಚ್ರಿ. ಬಾಯಿಗೆ ಬಂದಂಗ ಬೈರಿ."

"ಯಾರನ್ನ ಬೈಯೂದಣ್ಣಾ?" ಅವಳು ನಕ್ಕಳು. "ನೀನ ಇರೋ ಆಫೀಸು. ಕಾಲೋನಿ ಮಂದಿ ಎಲ್ಲಾ ಅದಕs ಸುಮ್ಮನದಾರ. ನಮ್ಮ ಹುಡುಗ ಅದಾನ ಅಲ್ಲಿ, ಅವನಿಗೆ ಕೆಟ್ಟ ಹೆಸರು ತರಬಾರದು ಅಂತ ಬಸಲಿಂಗಮ್ಮಕ್ಕ ಎಲ್ರಿಗೂ ಹೇಳಿಟ್ಟಾಳ."

ಅವನಿಗೆ ಕೂರಬೇಕು ಅನ್ನಿಸಿತು. ಕೂರಲು ಅಲ್ಲೇನೂ ಇರಲಿಲ್ಲ.

ಬಾಯಿಸತ್ತವರೆಂದು ಅವರನ್ನು ಎಣಿಸಿ ಗುಂಪು ಮಾಡಿದ್ದ. ಅವರು ಅವನ ಮಾನ ಕಾಯುತ್ತ ಕೂತಿದ್ದರು. ಬೇರೆ ಕಾಲೋನಿಗಳವರು, ತಾಂಡಾದವರು ಇನ್ನು ಯಾರ ಯಾರ ಮಾನ ಕಾಯುತ್ತ ಸುಮ್ಮನಿದ್ದರೋ, ಅವನು ಯಾವತ್ತೂ ಕೇಳಿರಲಿಲ್ಲ. ಕೆರೆ ಏರಿ, ಜಾಲಿ ಮುಳ್ಳು, ಅಪ್ಪನ ಬೆನ್ನು ಎಲ್ಲ ಒಟ್ಟಿಗೆ ಕಣ್ಣಿಗೆ ಬಂತು. ಅಪ್ಪ ಹೊಡೆದದ್ದು ಹೆದರಿಕೆಗೆ ಎಂದು ಇಷ್ಟು ದಿನ ತಿಳಿದಿದ್ದ. ಇನ್ನೇನಾದರೂ ಇತ್ತೇ ಎಂದು ಕೇಳಲು ಅಪ್ಪ ಇರಲಿಲ್ಲ. "ಬ್ಯಾರೇದು ನೋಡಾಣ ಬಿಡು," ಎಂದು ತಂಗಿಗೆ ಅಂದ. "ಹೂಂ, ನೋಡಾಣ," ಎಂದಳು. ಬೇರೆ ಯಾವುದೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ವಾಪಸು ಬರುವಾಗ ಹೊತ್ತು ಇಳಿದಿತ್ತು. ಕಾರಿನ ತುಂಬ ಮಲ್ಲಿಗೆಯ ವಾಸನೆ ಕವಿದು ತಲೆನೋವು ಬಂದಿತ್ತು. ಇವತ್ತೇ, ಕಾರಿನಲ್ಲೇ, ಎಲ್ಲವನ್ನೂ ಹೇಳಿಬಿಡಬೇಕು ಎಂದು ಭೀಮರಾಜ ಮಾತು ಜೋಡಿಸಿಕೊಳ್ಳುತ್ತಿದ್ದ. ಗಂಗಣ್ಣಾರ, ಆ ಗುಂಪು ತೆಗೀಬೇಕ್ರಿ. ಅಲ್ಲಿಂದ ಶುರು ಮಾಡಬೇಕು. ಇನ್ನೊಂದು ತಿರುವು ದಾಟಲಿ ಎಂದುಕೊಂಡ. ತಿರುವು ದಾಟಿತು. ಆಗ ಗಂಗಾಧರನೇ ಕೇಳಿದ:

"ಅದೇನ್ರಿ ಭೀಮರಾಜ್, ಬ್ಯಾಂಕು, ಆಸ್ಪತ್ರೆ ಪುಟದಾಗ ಕೊನೀಗೊಂದು ಸಾಲಿತ್ತು? ಬರೀ ನಂಬರು. ಯಾರ ಮನೀದು ಅದು?"

ದನಿಯಲ್ಲಿ ಸಿಟ್ಟಿರಲಿಲ್ಲ. ಕಣ್ಣು ರಸ್ತೆಯ ಮೇಲಿತ್ತು, ಸ್ಟೇರಿಂಗಿನ ಮೇಲೆ ಬೆರಳು ತಾಳ ಹಾಕುತ್ತಿತ್ತು. ಭೀಮರಾಜನಿಗೆ ಗುಡಿ ಮುಂದಿನ ಕಟ್ಟೆ ಕಣ್ಣೆದುರು ಬಂತು. ಯಾರ ಮಗಲೇ ನೀನು ಎಂದು ಕೇಳಿದ ಆ ಮುದುಕನೂ ಸಿಟ್ಟಿನಿಂದ ಕೇಳಿರಲಿಲ್ಲ.

"ಟೆಸ್ಟಿಂಗಿಗೆ ಹಾಕಿದ್ದೆ ಸರ್," ಎಂದ. "ತಗಿಯೋದು ಮರ್ತಿದ್ದೆ."

"ತಗದುಬಿಡ್ರಿ. ಒಂದು ಬಿಟ್ರ ನಾಳೆ ಹತ್ತು ಬರ್ತಾವು."

ಭೀಮರಾಜ ತೊಡೆಯ ಮೇಲೆ ಲ್ಯಾಪ್‌ಟಾಪು ತೆರೆದ. ಶಾಲಿನ ಅಂಚು ಕೀಗಳ ಮೇಲೆ ಬೀಳುತ್ತಿತ್ತು, ಸರಿಸಿಕೊಂಡ. ಆ ಸಾಲನ್ನು ಅಳಿಸಿದ. ಗೆರೆ ಅಲುಗಲಿಲ್ಲ. ಗಂಗಾಧರ ಓರೆಗಣ್ಣಿನಿಂದ ನೋಡಿ, ಖುಷಿಯಾಗಿ, ಸಭೆಯ ಊಟದ ಬದನೆಕಾಯಿ ಪಲ್ಯದ ವಿಚಾರ ಎತ್ತಿದ. ಭೀಮರಾಜ ಹೂಂ ಅಂದ. ಒಂದೆರಡು ಕಡೆ ನಕ್ಕ.

ಕೊಟ್ಟೂರು ಹತ್ತಿರವಾದಾಗ ತಂಗಿಯ ಮೆಸೇಜು ಬಂತು. ಶಾಲು ಹೊದಿಸಿದ ಫೋಟೊ ಕಳಿಸು, ಅವ್ವನಿಗೆ ತೋರಿಸುತ್ತೇನೆ, ಮಧ್ಯಾಹ್ನದಿಂದ ಕೇಳುತ್ತಿದ್ದಾಳೆ ಎಂದು. ಗಂಗಾಧರನ ಫೋನಿನಿಂದ ಹಾಕಿಸಿಕೊಂಡಿದ್ದ ಫೋಟೊವನ್ನು ಅವಳಿಗೆ ಕಳಿಸಿದ. ಅದು ಎಲ್ಲೆಲ್ಲಿ ಹೋಗುತ್ತದೆಂದು ಅವನಿಗೆ ಊರು ಊರಾಗಿ ಗೊತ್ತಿತ್ತು. ಬಸ್‌ಸ್ಟ್ಯಾಂಡು ಬರುವ ತನಕ ಫೋನನ್ನೇ ಹಿಡಿದು ಕೂತ. ಕಾರು ಆಫೀಸಿನ ಮುಂದೆ ನಿಂತಿತು. ಗಂಗಾಧರ ಇಳಿದು ಹೋದ. ಭೀಮರಾಜ ಇಳಿಯದೆ ಕೂತಿದ್ದಾಗ ಯಶೋಧರಾ ಫೋನು ಮಾಡಿದಳು.

"ಬಂತೇನು?" ಎಂದು ಕೇಳಿದ.

"ಬರಾಕತ್ತೈತಣ್ಣಾ, ಸುತ್ತಾಕs ಹತ್ತೈತಿ," ಎಂದಳು. ಹಿಂದೆ ಅವ್ವ ಕೂಗುತ್ತಿದ್ದಳು. "ಅವ್ವಗ ತೋರಿಸೀನಿ. ಶಾಲು ಕೆಂಪಗ ಕಾಣತೈತಿ. ನಿನ್ನ ಮುಖ ಅಷ್ಟ ಇನ್ನಾ ಮಬ್ಬ ಐತಿ, ಪೂರಾ ಬಂದಿಲ್ಲ. ಯಾರಿವ, ಯಾರಿವ ಅಂತ ಕೇಳಾಕತ್ಯಾಳ."